ಹತ್ತಿರದ ಬಾಗಿಲು

ಮದುವೆಯಾಗಿ ಈ ಊರಿಗೆ ಬಂದ ಹೊಸತರಲ್ಲಿ ಒಂದು ಬೆಳಿಗ್ಗೆ ಅತ್ತೆಯ ಜೊತೆ ಮಾರ್ಕೆಟ್ಟಿನಲ್ಲಿ ಬಸಳೆ ಆರಿಸುತ್ತಿದ್ದೆ. ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ. ಇದ್ದಕ್ಕಿದ್ದಂತೆ ಗುಡುಗಿತು. ತಕ್ಕಡಿ ಎತ್ತಿದ್ದ ಅಂಗಡಿಯವಳು ಅದನ್ನು ಹಾಗೇ ಕೆಳಗಿಟ್ಟು ಎದ್ದಳು. ಸೈಕಲ್ಲಿನವನೊಬ್ಬ ಸೈಕಲ್ಲನ್ನು ರಸ್ತೆಯ ನಡುವೆಯೇ ಮಲಗಿಸಿ ಓಡಿದ. ಅತ್ತೆ ನನ್ನ ಮೊಣಕೈ ಹಿಡಿದೆಳೆದು ಎದುರಿಗಿದ್ದ ಮನೆಯೊಳಕ್ಕೆ ನುಗ್ಗಿದರು. ಒಳಗೆ ಬನಿಯನ್ ತೊಟ್ಟ ಗಂಡಸೊಬ್ಬ ಗಂಜಿ ಉಣ್ಣುತ್ತಿದ್ದ. ಎಡಗೈಯಲ್ಲಿ ಬೆಂಚು ತೋರಿಸಿ, "ಬನ್ನಿ, ಕೂತ್ಕೊಳ್ಳಿ" ಎಂದವನು ಮತ್ತೆ ಉಪ್ಪಿನಕಾಯಿ ನೆಕ್ಕತೊಡಗಿದ.

"ಯಾರ ಮನೆ ಅತ್ತೆ ಇದು?" ಎಂದು ಪಿಸುಗುಟ್ಟಿದೆ.

"ಯಾರಿಗೆ ಗೊತ್ತುಂಟು? ಮಿಂಚು ಬರ್ಲಿ, ಮತ್ತೆ ಹೋಗುವ."

"ಮಿಂಚು ಮೊದಲು ಬರುವುದಲ್ವಾ ಅತ್ತೆ, ಗುಡುಗು ಆಮೇಲೆ?"

ಗಂಜಿ ಉಣ್ಣುತ್ತಿದ್ದವನು ತಲೆಯೆತ್ತಿ ನನ್ನನ್ನು ಕನಿಕರದಿಂದ ನೋಡಿದ. "ನಿಮ್ಮ ಕಡೆ ಹಾಗಿರಬಹುದಮ್ಮ" ಎಂದ.

ಈ ಊರಿನಲ್ಲಿ ಗುಡುಗು ಮೊದಲು, ಮಿಂಚು ಆಮೇಲೆ. ಗುಡುಗಿದ ಮೇಲೆ ಮಿಂಚು ಬಂದೇ ಬರುತ್ತದೆ, ಆದರೆ ಯಾವಾಗ ಎಂದು ಹೇಳುವಂತಿಲ್ಲ. ಒಮ್ಮೊಮ್ಮೆ ಹಾಲು ಉಕ್ಕುವುದರೊಳಗೆ ಬಂದುಬಿಡುತ್ತದೆ, ಒಮ್ಮೊಮ್ಮೆ ಮಧ್ಯಾಹ್ನವಿಡೀ ಕಾಯಿಸುತ್ತದೆ. ಬಂದಾಗ ಅದಕ್ಕೆ ಸದ್ದಿರುವುದಿಲ್ಲ. ಸದ್ದು ಮೊದಲೇ ಹೋಗಿರುತ್ತದಲ್ಲ. ನಡುವಿನ ಆ ಹೊತ್ತಿಗೆ ಇಲ್ಲಿಯವರು ಎಡೆಹೊತ್ತು ಎನ್ನುತ್ತಾರೆ. ಗುಡುಗು ಕೇಳಿದ ಕೂಡಲೇ ಹತ್ತಿರದ ಬಾಗಿಲು ಯಾವುದೋ ಅದರೊಳಗೆ ಹೋಗಬೇಕು, ಮನೆಯವರು ಬೇಡವೆನ್ನುವಂತಿಲ್ಲ, ಮಿಂಚು ಕಾಣುವವರೆಗೆ ಯಾರೂ ಹೊರಗೆ ಕಾಲಿಡುವಂತಿಲ್ಲ. ಹಾಗಾಗಿ ಇಲ್ಲಿ ಪ್ರತಿಯೊಂದು ಮನೆಯ ಬಾಗಿಲ ಪಕ್ಕ ಒಂದು ಬೆಂಚು, ಒಂದು ಕೊಡ ನೀರು, ಒಂದು ಡಬ್ಬಿ ಅವಲಕ್ಕಿ ಇದ್ದೇ ಇರುತ್ತದೆ. ಬಸ್ಸು ನಿಂತಲ್ಲೇ ನಿಂತು ಪ್ರಯಾಣಿಕರೆಲ್ಲ ಯಾರದೋ ನಡುಮನೆಯಲ್ಲಿ ಕೂರುತ್ತಾರೆ. ಅರ್ಧ ಗಡ್ಡ ಬೋಳಿಸಿಕೊಂಡವರು, ಜಾತಕ ಹಿಡಿದು ಹೊರಟವರು, ಕೋರ್ಟಿನಲ್ಲಿ ಎದುರುಬದುರು ನಿಂತವರು ಎಲ್ಲ ಒಂದೇ ಬೆಂಚಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಆಕಾಶ ನೋಡುತ್ತಾರೆ. ಎಷ್ಟೋ ಸಂಬಂಧಗಳು ಹೀಗೆ ಕೂಡಿವೆ, ಎಷ್ಟೋ ಜಗಳಗಳು ಹೀಗೆ ಮುಗಿದಿವೆ. ಕೆಲವು ಹೀಗೇ ಶುರುವಾಗಿಯೂ ಇವೆ.

ಅತ್ತೆಗೆ ಮಾತ್ರ ಆ ಬೆಂಚು ಒಗ್ಗುತ್ತಿರಲಿಲ್ಲ. ಅವತ್ತು ಆ ಅಪರಿಚಿತನ ಮನೆಯಲ್ಲಿ ಅವರು ಗೋಡೆಯಿಂದ ಗೋಡೆಗೆ ನಡೆಯುತ್ತಲೇ ಇದ್ದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು. ಕಿಟಕಿಗೆ ಹೋಗುವುದು, ಬರುವುದು. ಯಾರೂ ಅವರನ್ನು ಕುಳಿತುಕೊಳ್ಳಿ ಎನ್ನಲಿಲ್ಲ. ಪದ್ದಕ್ಕ ಎಡೆಹೊತ್ತಿನಲ್ಲಿ ಕೂರುವವಳಲ್ಲ ಎಂಬುದು ಊರಿಗೇ ಗೊತ್ತಿತ್ತು. ಯಾಕೆಂದು ನನಗೆ ಗೊತ್ತಾದದ್ದು ಆಮೇಲೆ, ನನ್ನ ಗಂಡ ದಯಾಕರನಿಂದ.

ದಯಾಕರ ಸಣ್ಣವನಾಗಿದ್ದಾಗ ಅವನ ಅಪ್ಪ ದಡಕ್ಕೆ ಬಂದು ದೋಣಿ ಎಳೆದು ಹಾಕಿದ ಸಮಯಕ್ಕೆ ಗುಡುಗಿತ್ತು. ಆ ದಡಕ್ಕೆ ಹತ್ತಿರದ ಬಾಗಿಲು ಒಂದೇ. ಅದು ಅತ್ತೆಯ ತವರುಮನೆ, ಅತ್ತೆಯ ತಂಗಿ ವಾರಿಜ ಒಬ್ಬಳೇ ಇದ್ದ ಮನೆ. ಮಾವ ಓಡಿ ಹೋಗಿ ಬಾಗಿಲು ಬಡಿದರು. ಬಾಗಿಲು ತೆರೆಯಲಿಲ್ಲ. ಮಿಂಚು ಅವರನ್ನು ಅಂಗಳದಲ್ಲೇ ಹೊಡೆಯಿತು. ಹಿಂದೆ ಬಚ್ಚಲಲ್ಲಿ ಮೀಯುತ್ತಿದ್ದೆ, ನೀರಿನ ಸದ್ದಿಗೆ ಕೇಳಲಿಲ್ಲ ಎಂದು ವಾರಿಜತ್ತೆ ಹೇಳಿದ್ದರು. ಊರು ನಂಬಿತು. ಅತ್ತೆ ನಂಬಲಿಲ್ಲ. ಅವತ್ತಿನಿಂದ ಅಕ್ಕ ತಂಗಿಯರ ನಡುವೆ ಮಾತಿಲ್ಲ. ವಾರಿಜತ್ತೆ ಮದುವೆಯಾಗದೆ, ಹೊಲಿಗೆ ಮಷಿನ್ ಇಟ್ಟುಕೊಂಡು ಅದೇ ಮನೆಯಲ್ಲಿ ಉಳಿದರು. ಅತ್ತೆ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಮಗನನ್ನು ಸಾಕಿದರು. ಇಡೀ ಊರು ಸುತ್ತುತ್ತಿದ್ದರು, ಆ ದಡವೊಂದನ್ನು ಬಿಟ್ಟು. ಗುಡುಗಿದರೆ ಆ ಬಾಗಿಲೇ ಹತ್ತಿರವಾಗಿಬಿಡಬಹುದು ಎಂದು.

ನಾನು ಹುಟ್ಟಿ ಬೆಳೆದದ್ದು ದೊಡ್ಡ ಕೆರೆಯ ಪಕ್ಕ. ನಿಂತು ಹುಟ್ಟು ಹಾಕುವ ಉದ್ದನೆಯ ಬೋರ್ಡಿನ ಮೇಲೆ ಹೋಗುವುದನ್ನು ಅಲ್ಲೇ ಕಲಿತು, ಆಮೇಲೆ ಸಮುದ್ರದಲ್ಲಿ ಅಲೆಯ ಮೇಲೆ ಜಾರುವುದನ್ನೂ ಕಲಿತು, ಕಲಿಸುವ ತರಬೇತಿಯನ್ನೂ ಮುಗಿಸಿದ್ದೆ. ದಯಾಕರ ಮೀನುಗಾರಿಕೆ ಬೋಟಿನಲ್ಲಿ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಸುಮ್ಮನೆ ಕೂರಲಾರದೆ ಅಳಿವೆಯ ಬಳಿ, ನದಿ ಸಮುದ್ರ ಸೇರುವಲ್ಲಿ, ಐಸ್ ಪ್ಲಾಂಟಿನ ಪಕ್ಕ ಒಂದು ಶೆಡ್ಡು ಹಾಕಿ ನಾಲ್ಕು ಬೋರ್ಡು ತಂದಿಟ್ಟೆ. ಊರವರು ಅವನ್ನು ಹಲಗೆ ಎಂದರು, ನನ್ನನ್ನು ಹಲಗೆ ರೋಹಿಣಿ ಎಂದರು. ಇಲ್ಲಿ ಹಲಗೆಯ ಮೇಲೆ ಹೋಗುವುದು ಬೇರೆ ಕಡೆಯಂತಲ್ಲ. ಬೇರೆ ಕಡೆ ಮೋಡ ನೋಡಿ, ಮಿಂಚು ನೋಡಿ ಹಿಂದೆ ಬರಬಹುದು. ಇಲ್ಲಿ ಯಾವ ಮುನ್ಸೂಚನೆಯೂ ಇಲ್ಲ. ಗುಡುಗಿದಾಗ ನೀನು ಎಲ್ಲಿದ್ದೀಯೋ ಅದೇ ನಿನ್ನ ಹಣೆಬರಹ. ಐಸ್ ಪ್ಲಾಂಟಿನ ಬಾಗಿಲಿಗೆ ಬೇಗ ಓಡಿಹೋಗುವಷ್ಟು ದೂರವನ್ನು ಬಿಟ್ಟು ಆಚೆ ಹೋಗಬಾರದು ಎಂದು ನಾನು ಕಲಿಯಲು ಬಂದವರಿಗೆಲ್ಲ ಮೊದಲ ದಿನವೇ ಹೇಳುತ್ತಿದ್ದೆ. ಸಮತಟ್ಟಾದ ನೀರಿನ ಮೇಲೆ ನಿಂತವನೇ ಆ ಬಯಲಿಗೆಲ್ಲ ಎತ್ತರದ ಮರ. ಮಲಗಿದರೂ ಬಚಾವಾಗುವುದಿಲ್ಲ, ಹಲಗೆ ಕಾಪಾಡುವುದಿಲ್ಲ, ಮಿಂಚು ದೂರ ಬಿದ್ದರೂ ಉಪ್ಪುನೀರು ಅದನ್ನು ಹೊತ್ತು ತರುತ್ತದೆ. ಇದನ್ನೆಲ್ಲ ಹೇಳಿ ಹೇಳಿ ನನಗೇ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ಯಾಕೆಂದರೆ ಗುಡುಗಿದ ಮೇಲೆ ಇಲ್ಲಿಯ ಸಮುದ್ರ ಬಹಳ ಚೆಂದವಾಗುತ್ತದೆ. ಗಾಳಿ ನಿಲ್ಲುತ್ತದೆ. ಅಲೆಗಳು ಮಡಿಕೆ ಮಾಡಿ ಇಟ್ಟ ಸೀರೆಯಂತೆ ಒಂದರ ಹಿಂದೆ ಒಂದು ಬರುತ್ತವೆ. ಹಿಂದಿನ ವರ್ಷ ಹೊರಗಿನಿಂದ ಬಂದ ಒಬ್ಬಾತ ಎಡೆಹೊತ್ತಿನಲ್ಲಿ ಇನ್ನೊಂದೇ ಅಲೆ, ಇನ್ನೊಂದೇ ಅಲೆ ಎಂದು ಉಳಿದುಕೊಂಡ. ನಾವು ಐಸ್ ಪ್ಲಾಂಟಿನ ಕಿಟಕಿಯಿಂದ ಕೂಗುತ್ತಲೇ ಇದ್ದೆವು. ಅವನ ಹಲಗೆ ಮಾತ್ರ ಹಿಂದೆ ಬಂತು.

ಅದನ್ನು ಕಂಡ ಮೇಲೂ ಅತ್ತೆ ಒಂದು ಬೆಳಿಗ್ಗೆ ಶೆಡ್ಡಿಗೆ ಬಂದು, ಖಾಲಿ ಬುಟ್ಟಿಯನ್ನು ಕೆಳಗಿಟ್ಟು, "ಇದರ ಮೇಲೆ ನಿಲ್ಲುದಾ?" ಎಂದು ಕೇಳಿದರು.

"ನಿಲ್ಲುದು ಅತ್ತೆ. ನಿಮಗೆ ಬೇಡ."

"ಬೇಡ ಅಂತ ಹೇಳ್ಲಿಕ್ಕೆ ನೀನು ಯಾರು?"

ಸೀರೆಯನ್ನು ಕಚ್ಚೆ ಕಟ್ಟಿ, ನಾನು ಕೊಟ್ಟ ಲೈಫ್ ಜಾಕೆಟ್ಟನ್ನು ಒಲ್ಲದ ಮನಸ್ಸಿನಿಂದ ತೊಟ್ಟು ಅವರು ಹಲಗೆ ಹತ್ತಿದರು. ಎರಡು ಸಲ ಬಿದ್ದರು. ಮೂರನೆಯ ಸಲ ನಿಂತವರು ಬೀಳಲೇ ಇಲ್ಲ. ಜನ್ಮವಿಡೀ ತಲೆಯ ಮೇಲೆ ತುಳುಕುವ ಬುಟ್ಟಿ ಹೊತ್ತು ಕೆಸರಿನಲ್ಲಿ, ಬಂಡೆಯ ಮೇಲೆ, ಬಸ್ಸಿನ ಮೆಟ್ಟಿಲ ಮೇಲೆ ನಿಂತವರಿಗೆ ಅದೊಂದು ದೊಡ್ಡ ವಿಷಯವೇ ಆಗಿರಲಿಲ್ಲ. ನೀರಿನ ನಡುವೆ ಹುಟ್ಟು ಹಿಡಿದು ನಿಂತಿದ್ದ ಅವರನ್ನು ನಾನು ದಡದಿಂದ ನೋಡಿದೆ. ಈ ಹೆಂಗಸು ಸುಮ್ಮನೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ನೆಲದ ಮೇಲೆ ಒಂದು ಕ್ಷಣ ನಿಲ್ಲದ ಕೈ, ಕಾಲು, ಕಣ್ಣು ಎಲ್ಲವೂ ಅಲ್ಲಿ ನಿಂತಿದ್ದವು.

ಅಂದಿನಿಂದ ದಿನಾ ಬಂದರು. ಮೀನು ಮಾರಿ ಮುಗಿಯುವುದನ್ನೇ ಕಾಯುತ್ತಿದ್ದರು. ಬಾರದ ದಿನ ಮನೆಯಲ್ಲಿ ಪಾತ್ರೆಗಳು ಬೀಳುತ್ತಿದ್ದವು. ಸಣ್ಣ ಅಲೆಗಳನ್ನು ಹಿಡಿಯುವುದನ್ನೂ ಕಲಿತರು. ಅಲೆ ಹಲಗೆಯನ್ನು ತಳ್ಳಿದಾಗ "ಹೋ!" ಎಂದು ಹುಡುಗಿಯಂತೆ ಕೂಗುತ್ತಿದ್ದರು. ಮನೆಗೆ ಬಂದು ಉಪ್ಪು ಹಿಡಿದ ಕಾಲು ಚಾಚಿ ಕೂತು, "ನಿನ್ನ ಮಾವನಿಗೆ ಹೀಗೆಯೇ ಅನಿಸ್ತಿತ್ತೋ ಏನೋ. ಹೆಂಗಸರನ್ನು ಯಾರು ದೋಣಿ ಹತ್ತಿಸಿದ್ದಾರೆ?" ಎನ್ನುತ್ತಿದ್ದರು. ಆದರೆ ಎಷ್ಟು ಹುಚ್ಚು ಹಿಡಿದರೂ ಅವರು ಐಸ್ ಪ್ಲಾಂಟಿನ ಬದಿಯನ್ನು ಬಿಟ್ಟು ತೆಂಕು ಬದಿಗೆ, ತಂಗಿಯ ಮನೆ ಇದ್ದ ದಡದ ಕಡೆಗೆ, ಒಂದು ಹುಟ್ಟೂ ಹಾಕುತ್ತಿರಲಿಲ್ಲ.

ಆ ದಿನ ನಾವು ಮೂವರಿದ್ದೆವು. ನಾನು, ಅತ್ತೆ, ಮತ್ತು ಹೊಸದಾಗಿ ಕಲಿಯಲು ಬಂದಿದ್ದ ಫಿಲೋಮಿನಾ ಟೀಚರ್. ಟೀಚರ್ ನನ್ನದೇ ವಯಸ್ಸಿನವರು, ಈಜು ಚೆನ್ನಾಗಿ ಬರುತ್ತಿತ್ತು, ಆದರೆ ಹಲಗೆಯ ಮೇಲೆ ಮೊಣಕಾಲೂರಿದಲ್ಲಿಂದ ಏಳಲು ಹೆದರುತ್ತಿದ್ದರು. ಹಿಂದಿನ ದಿನ ಘಟ್ಟದ ಮೇಲೆ ಮಳೆಯಾಗಿತ್ತೆಂದು ಕಾಣುತ್ತದೆ. ನದಿಯ ನೀರು ಕೆಂಪಾಗಿ, ನಾನು ಅಂದಾಜು ಮಾಡಿದ್ದಕ್ಕಿಂತ ಜೋರಾಗಿ ಹರಿಯುತ್ತಿತ್ತು. ಟೀಚರನ್ನು ನಿಲ್ಲಿಸುವ ಗಡಿಬಿಡಿಯಲ್ಲಿ ನಾವು ತೆಂಕಕ್ಕೆ ಸರಿಯುತ್ತಿದ್ದದ್ದು ನನಗೆ ತಿಳಿಯಲಿಲ್ಲ. ತಿಳಿದಾಗ ಐಸ್ ಪ್ಲಾಂಟು ಬೆಂಕಿಪೆಟ್ಟಿಗೆಯಷ್ಟಾಗಿತ್ತು, ಎದುರಿಗೆ ವಾರಿಜತ್ತೆಯ ಮನೆಯ ಹಂಚಿನ ಮಾಡು ಕಾಣುತ್ತಿತ್ತು.

"ರೋಹಿಣಿ, ಎಲ್ಲಿಗೆ ತಂದೆ ನಮ್ಮನ್ನು?" ಎಂದು ಅತ್ತೆ ಹಿಂದಿನಿಂದ ಕೇಳಿದರು. ಅವರ ದನಿ ಬದಲಾಗಿತ್ತು.

"ತಿರುಗಿಸುವ ಅತ್ತೆ, ಬದಿ ಹಿಡಿದು ಹೋಗುವ" ಎಂದೆ. ಹಲಗೆ ತಿರುಗಿಸುವಷ್ಟರಲ್ಲಿ ಗುಡುಗಿತು.

ನೀರಿನ ಮೇಲೆ ಗುಡುಗು ಕೇಳುವುದು ಕಿವಿಯಿಂದಲ್ಲ, ಅಂಗಾಲಿನಿಂದ. ಹಲಗೆ ನಡುಗಿತು. ತಕ್ಷಣ ಗಾಳಿ ನಿಂತಿತು. ಕೆಂಪು ನೀರು ಎಣ್ಣೆ ಸುರಿದಂತೆ ನಯವಾಯಿತು. ದೂರದಿಂದ ಮೊದಲ ಅಲೆ ಮೆಲ್ಲಗೆ ಏಳುವುದು ಕಂಡಿತು.

"ಟೀಚರ್, ಮೊಣಕಾಲ ಮೇಲೇ ಇರಿ. ದಡಕ್ಕೆ. ನೇರ ದಡಕ್ಕೆ" ಎಂದು ಕೂಗಿದೆ. "ಅತ್ತೆ, ಬನ್ನಿ!"

ಟೀಚರ್ ಅಳುತ್ತಿದ್ದರು, ಆದರೆ ಹುಟ್ಟು ಹಾಕುತ್ತಿದ್ದರು. ನಾನು ಅವರ ಹಲಗೆಯ ಹಗ್ಗವನ್ನು ನನ್ನದಕ್ಕೆ ಸಿಕ್ಕಿಸಿ ಎಳೆಯತೊಡಗಿದೆ. ಸ್ವಲ್ಪ ಮುಂದೆ ಬಂದು ತಿರುಗಿ ನೋಡಿದರೆ ಅತ್ತೆ ಇದ್ದಲ್ಲೇ ಇದ್ದರು.

"ಅತ್ತೆ!"

"ನೀವು ಹೋಗಿ."

"ಎಂತ ಹೋಗುದು? ಬನ್ನಿ ಅತ್ತೆ, ಗುಡುಗಿದ್ದು ಕೇಳ್ಲಿಲ್ವಾ?"

"ಕೇಳಿತು. ಆ ಬಾಗಿಲಿಗೆ ನಾನು ಬರುದಿಲ್ಲ." ಅವರು ಹಲಗೆಯನ್ನು ಬಡಗು ದಿಕ್ಕಿಗೆ, ಐಸ್ ಪ್ಲಾಂಟಿನ ಕಡೆಗೆ ತಿರುಗಿಸಿದರು. ಎದುರು ಹರಿವಿಗೆ. ಆ ಹರಿವಿನಲ್ಲಿ ಅಲ್ಲಿಗೆ ಹೋಗಿ ಮುಟ್ಟುವುದು ನನ್ನಿಂದಲೂ ಆಗದ ಮಾತು.

ಹಿಂದೆ ಹೋಗಿ ಅವರನ್ನು ಎಳೆತರಲೇ ಎಂದು ಒಂದು ಗಳಿಗೆ ಅನಿಸಿತು. ಹಗ್ಗದ ಕೊನೆಯಲ್ಲಿ ಟೀಚರ್ "ಯೇಸುವೇ, ಯೇಸುವೇ" ಎನ್ನುತ್ತಿದ್ದರು. ನಾನು ದಡಕ್ಕೇ ಹೋದೆ. ಬೆನ್ನ ಹಿಂದೆ ಅತ್ತೆಯ ಹುಟ್ಟಿನ ಸದ್ದು ಕೇಳುತ್ತಿತ್ತು. ಆ ಸದ್ದು ನಿಂತರೆ ಏನರ್ಥ, ನಿಲ್ಲದಿದ್ದರೆ ಏನರ್ಥ ಎಂದು ತಿಳಿಯದೆ ಅದನ್ನೇ ಕೇಳುತ್ತ ಮುಂದೆ ಹೋದೆ.

ವಾರಿಜತ್ತೆಯ ಬಾಗಿಲು ತೆರೆದೇ ಇತ್ತು. ಅವರು ಹೊಸಿಲಲ್ಲಿ ನಿಂತು ಕೈ ಬೀಸಿ ಕರೆಯುತ್ತಿದ್ದರು. ಟೀಚರನ್ನು ಒಳಗೆ ತಳ್ಳಿದೆ. ವಾರಿಜತ್ತೆ ತೆಳ್ಳಗಿನ ಹೆಂಗಸು, ಕನ್ನಡಕದ ಹಿಂದೆ ಅತ್ತೆಯದೇ ಕಣ್ಣು. ಕುತ್ತಿಗೆಯಲ್ಲಿ ಅಳತೆಯ ಟೇಪು ನೇತಾಡುತ್ತಿತ್ತು. ಅಲ್ಲಿಯವರೆಗೆ ನಾನು ಅವರನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

"ಮೂರು ಜನ ಇದ್ದಿರಲ್ಲ" ಎಂದರು.

"ಅತ್ತೆ ಬರುದಿಲ್ಲ ಅಂತಾರೆ."

ಅವರು ನನ್ನ ಭುಜದ ಮೇಲಿಂದ ಸಮುದ್ರವನ್ನು ನೋಡಿದರು. ಆ ನಯವಾದ ನೀರಿನ ಮೇಲೆ ಅತ್ತೆ ಒಬ್ಬರೇ ನಿಂತಿದ್ದರು, ಹುಟ್ಟು ಹಾಕುತ್ತಿದ್ದರು, ಮುಂದೆ ಹೋಗುತ್ತಿರಲಿಲ್ಲ. ವಾರಿಜತ್ತೆ ಟೇಪನ್ನು ಕುತ್ತಿಗೆಯಿಂದ ತೆಗೆದು ಮಷಿನ್ನಿನ ಮೇಲಿಟ್ಟರು. ಆಮೇಲೆ ಹೊಸಿಲು ದಾಟಿ ಹೊರಗೆ ಇಳಿದುಬಿಟ್ಟರು.

"ಚಿಕ್ಕತ್ತೆ, ಎಡೆಹೊತ್ತು!" ಎಂದೆ. ಅವರು ಆಗಲೇ ಅಂಗಳ ದಾಟಿದ್ದರು. ನಾನೂ ಓಡಿದೆ. ಹಿಂದಿನ ಸಾಲಿನ ಮನೆಗಳ ಬಾಗಿಲುಗಳಲ್ಲಿ ಜನ ನಿಂತು "ಏ ವಾರಿಜಾ, ಒಳಗೆ ಹೋಗು! ಹುಚ್ಚು ಹಿಡಿದದ್ದಾ?" ಎಂದು ಬೊಬ್ಬೆ ಹೊಡೆಯುತ್ತಿದ್ದರು. ಒಬ್ಬರೂ ಹೊಸಿಲು ದಾಟಲಿಲ್ಲ. ದಾಟುವವರಲ್ಲ, ಅದು ಅವರ ತಪ್ಪೂ ಅಲ್ಲ.

ವಾರಿಜತ್ತೆ ಸೀರೆಯನ್ನೂ ಎತ್ತಿ ಹಿಡಿಯದೆ ನೀರಿಗಿಳಿದರು. ಮೊಣಕಾಲು, ತೊಡೆ, ಸೊಂಟ. ನಾನು ರಟ್ಟೆ ಹಿಡಿದೆಳೆದರೆ ಕೊಡವಿಕೊಂಡರು.

"ಅಕ್ಕಾ!" ಎಂದು ಕೂಗಿದರು. ಅಷ್ಟು ವರ್ಷ ಬಳಸದ ಆ ಮಾತು ಒಡೆದು ಬಂತು. "ಅಕ್ಕಾ, ಬಾ!"

ಅತ್ತೆ ತಿರುಗಿ ನೋಡಿದರು.

"ನೀನು ಒಳಗೆ ಬರುದು ಬೇಡ. ನಾನು ಹೊರಗೆ ಬಂದಿದ್ದೇನೆ. ಮನೆ ಖಾಲಿ ಉಂಟು. ನೀನು ಹೋಗಿ ಕೂತ್ಕೋ, ನಾನು ಇಲ್ಲಿ ನಿಲ್ತೇನೆ!"

"ಹುಚ್ಚಿ!" ಎಂದು ಅತ್ತೆ ಅಲ್ಲಿಂದಲೇ ಕಿರುಚಿದರು. "ನೀರಿನಿಂದ ಮೇಲೆ ಹೋಗು!"

"ನೀನು ಬಾರದೆ ಹೋಗುದಿಲ್ಲ."

"ಹೋಗು ಅಂದೆ!"

"ಬಾ ಅಂದೆ!"

ಆ ಹೊತ್ತಿನಲ್ಲೂ, ಸೊಂಟದ ನೀರಿನಲ್ಲಿ ನಿಂತಿದ್ದ ನನಗೆ, ಇಬ್ಬರು ಸಣ್ಣ ಹುಡುಗಿಯರು ಅಂಗಳದಲ್ಲಿ ಜಗಳವಾಡಿದಂತೆ ಕೇಳಿತು. ಅತ್ತೆ ಏನೋ ಬಯ್ಯುತ್ತ ಹಲಗೆ ತಿರುಗಿಸಿದರು. ಹಿಂದಿನಿಂದ ಒಂದು ಅಲೆ ಎದ್ದು ಬಂದು ಅವರನ್ನು ಎತ್ತಿಕೊಂಡಿತು. ಅವರು ಅಷ್ಟು ದೊಡ್ಡ ಅಲೆಯ ಮೇಲೆ ನಿಂತು ಬಂದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅರ್ಧ ದಾರಿಯಲ್ಲಿ ಅವರು ಹುಟ್ಟನ್ನು ದೂರ ಎಸೆದರು. ಅದು ಜೇನುಗೂಡಿನಂತೆ ಗುಂಯ್‌ಗುಡುತ್ತಿತ್ತು ಎಂದು ಆಮೇಲೆ ಹೇಳಿದರು. ಅದೇ ಸಮಯಕ್ಕೆ ಇನ್ನೊಮ್ಮೆ ಗುಡುಗಿತು.

ಮೊದಲಿನದ್ದರ ಮಿಂಚೇ ಇನ್ನೂ ಬಂದಿರಲಿಲ್ಲ. ಈಗ ಎರಡು ಬರಬೇಕಿತ್ತು.

ನನ್ನ ತೋಳಿನ ಕೂದಲು ಎದ್ದು ನಿಂತಿತು. ವಾರಿಜತ್ತೆಯ ತುರುಬಿನಿಂದ ಬಿಡಿಸಿಕೊಂಡ ಬಿಳಿ ಎಳೆಗಳು ಮೇಲಕ್ಕೆ ತೇಲುತ್ತಿದ್ದವು. "ದಡಕ್ಕೆ!" ಎಂದು ನಾನು ಅವರ ಸೆರಗು ಹಿಡಿದು ಎಳೆದೆ. ಅತ್ತೆಯ ಹಲಗೆ ನಮ್ಮನ್ನು ದಾಟಿ ಮರಳಿಗೆ ಉಜ್ಜಿ ನಿಂತಿತು. ನಾನು ಹಿಂದಕ್ಕೆ ಹಿಂದಕ್ಕೆ ನಡೆದು ಒದ್ದೆ ಮರಳು ಮುಟ್ಟಿದೆ. ವಾರಿಜತ್ತೆ ಮೊಣಕಾಲುದ್ದದ ನೀರಿನಲ್ಲಿದ್ದರು. ಅತ್ತೆ ಹಲಗೆಯಿಂದ ಇಳಿದು ಅವರತ್ತ ಕೈ ಚಾಚಿದರು.

ಸದ್ದೇ ಇರಲಿಲ್ಲ. ಎಲ್ಲವೂ ಬಿಳಿಯಾಯಿತು, ಅಷ್ಟೇ. ನನ್ನ ಕಾಲುಗಳನ್ನು ಯಾರೋ ಕೆಳಗಿನಿಂದ ಕಸಿದುಕೊಂಡಂತಾಗಿ ಮಂಡಿಯೂರಿ ಬಿದ್ದೆ. ಕಣ್ಣು ತೆರೆದಾಗ ಬಾಯಲ್ಲಿ ತಾಮ್ರದ ರುಚಿ ಇತ್ತು. ಅತ್ತೆ ಹಲಗೆಯ ಆಚೆ ಬದಿಗೆ ಉರುಳಿಬಿದ್ದು ಏಳಲು ಒದ್ದಾಡುತ್ತಿದ್ದರು. ವಾರಿಜತ್ತೆ ನೀರಿನಲ್ಲಿ ಬೋರಲಾಗಿ ಬಿದ್ದಿದ್ದರು. ಕನ್ನಡಕ ಪಕ್ಕದಲ್ಲಿ ಅಲೆಯೊಂದಿಗೆ ಹಿಂದೆ ಮುಂದೆ ಹೋಗುತ್ತಿತ್ತು.

ಇಬ್ಬರೂ ಸೇರಿ ಅವರನ್ನು ಮರಳಿಗೆ ಎಳೆದು ತಂದೆವು. ಉಸಿರಿರಲಿಲ್ಲ. ಕುತ್ತಿಗೆಯಲ್ಲಿ ನಾಡಿ ಹುಡುಕಿದೆ, ಅದೂ ಇರಲಿಲ್ಲ.

"ಹೋದಳು" ಎಂದರು ಅತ್ತೆ. ಬಹಳ ಸಣ್ಣ ದನಿಯಲ್ಲಿ.

"ಇಲ್ಲ ಅತ್ತೆ. ಮಿಂಚು ಹೊಡೆದವರ ಹೃದಯ ನಿಂತಿರ್ತದೆ, ಒತ್ತಿದರೆ ಪುನಃ ಶುರು ಆಗ್ಬಹುದು" ಎಂದೆ. ತರಬೇತಿಯಲ್ಲಿ ರಬ್ಬರಿನ ಗೊಂಬೆಯ ಮೇಲೆ ಕಲಿತಿದ್ದೆ. ಗೊಂಬೆಗೆ ಎಲುಬು ಇರುವುದಿಲ್ಲ. ಎರಡೂ ಅಂಗೈ ಎದೆಯ ನಡುವೆ ಇಟ್ಟು ಒತ್ತಿದಾಗ ಒಳಗೆ ಏನೋ ಲಟಕ್ಕೆಂದಿತು, ಆದರೂ ಒತ್ತಿದೆ.

ಇನ್ನೊಂದು ಮಿಂಚು ಬರುವುದಿತ್ತು. ಬಾಗಿಲುಗಳಲ್ಲಿ ನಿಂತಿದ್ದ ಜನ ಈಗ ಬೊಬ್ಬೆ ನಿಲ್ಲಿಸಿದ್ದರು. ಇಡೀ ದಡದಲ್ಲಿ ನನ್ನ ಏದುಸಿರು ಮಾತ್ರ ಕೇಳುತ್ತಿತ್ತು. ಅಷ್ಟರಲ್ಲಿ ಫಿಲೋಮಿನಾ ಟೀಚರ್ ಮನೆಯಿಂದ ಓಡಿ ಬಂದರು. ಹಲಗೆಯ ಮೇಲೆ ಏಳಲು ಹೆದರುತ್ತಿದ್ದ ಅದೇ ಟೀಚರ್. ಬಂದವರೇ ಮರಳಿನಲ್ಲಿ ಕುಸಿದು ಕೂತು, "ನೀವು ಒತ್ತಿ, ಉಸಿರು ನಾನು ಕೊಡ್ತೇನೆ" ಎಂದು ವಾರಿಜತ್ತೆಯ ಮೂಗು ಹಿಡಿದು ಬಾಯಿಗೆ ಬಾಯಿಟ್ಟರು. ಅತ್ತೆ ಏನು ಮಾಡುವುದೆಂದು ತಿಳಿಯದೆ ತಂಗಿಯ ಪಾದಗಳನ್ನು ಹಿಡಿದುಕೊಂಡು ಉಜ್ಜುತ್ತಿದ್ದರು, ಉಜ್ಜುತ್ತ ಬಯ್ಯುತ್ತಿದ್ದರು. "ಯಾರು ಬರ್ಲಿಕ್ಕೆ ಹೇಳಿದ್ದು ನಿನಗೆ? ಆವತ್ತು ಬರ್ಲಿಲ್ಲ, ಇವತ್ತು ಯಾಕೆ ಬಂದೆ? ಯಾರು ಕರೆದದ್ದು ನಿನ್ನನ್ನು?"

ಎಷ್ಟು ಹೊತ್ತು ಹಾಗೆ ಒತ್ತಿದೆನೋ ತಿಳಿಯದು. ತೋಳುಗಳು ನನ್ನವಲ್ಲ ಎನ್ನುವಂತಾದಾಗ ಟೀಚರ್ ನನ್ನ ಕೈ ಹಿಡಿದು ನಿಲ್ಲಿಸಿದರು. ವಾರಿಜತ್ತೆಯ ಎದೆ ತಾನಾಗಿಯೇ ಏಳುತ್ತಿತ್ತು. ಒಮ್ಮೆ. ನಡುವೆ ತುಂಬ ಹೊತ್ತು. ಮತ್ತೊಮ್ಮೆ. ಆಮೇಲೆ ಕೆಮ್ಮಿದರು, ಬಾಯಿಂದ ಕೆಂಪು ನೀರು ಹೊರಬಂತು.

ಆಗ ಹಿಂದಿನ ಸಾಲಿನಿಂದ ಇಬ್ಬರು ಗಂಡಸರು ಹೊಸಿಲು ದಾಟಿ ಓಡಿಬಂದರು. ಎಡೆಹೊತ್ತಿನಲ್ಲಿ ಹಾಗೆ ಯಾರಾದರೂ ಹೊರಗೆ ಬಂದದ್ದನ್ನು ಊರು ಆ ದಿನದವರೆಗೆ ಕಂಡಿರಲಿಲ್ಲ. ನಾವೆಲ್ಲ ಸೇರಿ ವಾರಿಜತ್ತೆಯನ್ನು ಅತ್ತೆಯ ಹಲಗೆಯ ಮೇಲೆಯೇ ಮಲಗಿಸಿ ಎತ್ತಿಕೊಂಡು ಹೋಗಿ ಅವರ ಮನೆಯ ನಡುಮನೆಯಲ್ಲಿಟ್ಟೆವು. ಆ ಗಡಿಬಿಡಿಯಲ್ಲಿ ಅತ್ತೆ ಹೊಸಿಲು ದಾಟಿ ಒಳಗೆ ಬಂದದ್ದನ್ನು ನಾನೂ ಗಮನಿಸಲಿಲ್ಲ, ಬಹುಶಃ ಅವರೂ ಗಮನಿಸಲಿಲ್ಲ. ಎರಡನೆಯ ಮಿಂಚು ದೂರ ಸಮುದ್ರದ ಮೇಲೆ ಬಿತ್ತು. ಅದಾದ ಮೇಲೆ ಆಂಬುಲೆನ್ಸ್ ಬಂತು.

ವಾರಿಜತ್ತೆ ಬದುಕಿದರು. ಆಸ್ಪತ್ರೆಯಿಂದ ಮನೆಗೆ ಬಂದಾಗ ಒಂದು ಕಿವಿ ಕೇಳಿಸುತ್ತಿರಲಿಲ್ಲ. ನಾನು ಒತ್ತಿ ಮುರಿದ ಪಕ್ಕೆಲುಬು ನೋಯುತ್ತಿತ್ತು. ಬಲಗೈ ನಡುಗುತ್ತಿದ್ದುದರಿಂದ ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಅತ್ತೆ ದಿನಾ ಬೆಳಿಗ್ಗೆ ಮೀನು ಮಾರಲು ಹೋಗುವ ಮೊದಲು ಅಲ್ಲಿಗೆ ಹೋಗಿ ಗಂಜಿ ಬೇಯಿಸಿ, ಉಣಿಸಿ, ತಲೆ ಬಾಚಿ ಬರತೊಡಗಿದರು. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. "ಉಪ್ಪು ಸಾಕಾ?" "ಸಾಕು." "ಮಾತ್ರೆ?" "ತೆಗೊಂಡೆ." ಅಷ್ಟೇ. ನನಗೂ ದಯಾಕರನಿಗೂ ಅದೇ ದೊಡ್ಡದಾಗಿ ಕಂಡಿತ್ತು. ಇನ್ನು ಎಲ್ಲ ಸರಿಹೋಯಿತು ಎಂದು ಅವನು ಬೋಟಿಗೆ ಹೋಗುವಾಗ ಹೇಳಿದ. ನಾನೂ ಹಾಗೆಯೇ ಅಂದುಕೊಂಡೆ.

ಒಂದು ದಿನ ನಾನೂ ಅವರ ಜೊತೆ ಹೋಗಿದ್ದೆ. ಅತ್ತೆ ತಂಗಿಗೆ ಕೊನೆಯ ತುತ್ತು ಉಣಿಸುತ್ತಿದ್ದಾಗ ಗುಡುಗಿತು. ಬಾಗಿಲು ತೆರೆದಿಟ್ಟು ಯಾರಾದರೂ ಬರುತ್ತಾರೋ ಎಂದು ನೋಡಿದೆ. ದಡದಲ್ಲಿ ಯಾರೂ ಇರಲಿಲ್ಲ. ಮೂವರೇ ಇದ್ದೆವು. ಅತ್ತೆ ಎಂದಿನಂತೆ ನಡೆಯತೊಡಗಿದರು. ಗೋಡೆಯಿಂದ ಗೋಡೆಗೆ, ಸೆರಗನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ.

ವಾರಿಜತ್ತೆ ಅವರನ್ನೇ ನೋಡುತ್ತಿದ್ದರು. ಅತ್ತೆ ಬಲಕ್ಕೆ ಹೋದರೆ ಬಲಕ್ಕೆ, ಎಡಕ್ಕೆ ಹೋದರೆ ಎಡಕ್ಕೆ. ಕೊನೆಗೆ, "ಅಕ್ಕಾ, ಕೂತ್ಕೋ" ಎಂದರು. ಅತ್ತೆ ಕೂರಲಿಲ್ಲ.

"ನನಗೆ ಕೇಳಿತ್ತು ಅಕ್ಕ."

ಅತ್ತೆ ನಿಂತರು.

"ನಾನು ಬಚ್ಚಲಲ್ಲಿ ಇರ್ಲಿಲ್ಲ. ಇಲ್ಲೇ ಇದ್ದೆ. ಬಾವ ಬಡಿದದ್ದು ಕೇಳಿತು. ನನ್ನ ಹೆಸರು ಹಿಡಿದು ಕರೆದ್ರು. ಬಾಗಿಲ ಹತ್ತಿರ ಬಂದೆ. ಅಗಳಿಯ ಮೇಲೆ ಕೈ ಇಟ್ಟೆ. ಈಗ ತೆಗೆದ್ರೆ ಮಿಂಚು ಅವರ ಒಟ್ಟಿಗೇ ಒಳಗೆ ಬರ್ತದೆ ಅಂತ ಕಂಡಿತು ನನಗೆ. ಕೈ ಎತ್ತಲಿಕ್ಕೆ ಆಗ್ಲಿಲ್ಲ. ಹೆದರಿಕೆ. ಅಷ್ಟೇ, ಬೇರೆ ಎಂತದೂ ಇರ್ಲಿಲ್ಲ. ಇನ್ನೊಮ್ಮೆ ಕರೆದ್ರು. ಮತ್ತೆ ಕರೀಲಿಲ್ಲ."

ನಾನು ನೆಲ ನೋಡುತ್ತ ಕೂತೆ. ಎದ್ದು ಹೊರಗೆ ಹೋಗಿಬಿಡೋಣವೆಂದರೆ ಎಡೆಹೊತ್ತು. ಅತ್ತೆಗೂ ಹೋಗುವಂತಿರಲಿಲ್ಲ. ಬಯ್ಯುತ್ತಾರೆ, ಕೈ ಎತ್ತುತ್ತಾರೆ, ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾರೆ ಎಂದು ನಾನು ಹೆದರಿದೆ. ಆದರೆ ಅವರು ಗಂಜಿಯ ಬಟ್ಟಲನ್ನು ಎತ್ತಿಕೊಂಡು ಹಿಂದಿನ ಕೋಣೆಗೆ ಹೋದರು. ಬಟ್ಟಲು ತೊಳೆಯುವ ಸದ್ದು ಕೇಳಿತು. ಒಂದೇ ಬಟ್ಟಲನ್ನು ಅವರು ಬಹಳ ಹೊತ್ತು ತೊಳೆದರು. ವಾರಿಜತ್ತೆ ಕೇಳುವ ಕಿವಿಯನ್ನು ಆ ಕಡೆಗೆ ತಿರುಗಿಸಿ ಕೂತಿದ್ದರು.

ಮಿಂಚು ಬಂತು. ಕಿಟಕಿಯ ಸರಳುಗಳ ನೆರಳು ನೆಲದ ಮೇಲೆ ಒಮ್ಮೆ ಬಿದ್ದು ಹೋಯಿತು. ಅತ್ತೆ ಹಿಂದಿನ ಕೋಣೆಯಿಂದ ಬಂದು, ಬುಟ್ಟಿಯನ್ನು ತಲೆಗೇರಿಸಿ, ಯಾರನ್ನೂ ನೋಡದೆ ಹೊರಟರು. ನಾನು ಹಿಂದೆಯೇ ಓಡಿದೆ. ಮರಳಿನ ದಾರಿಯಲ್ಲಿ ಅವರು ಎಷ್ಟು ಬಿರುಸಾಗಿ ನಡೆಯುತ್ತಿದ್ದರೆಂದರೆ ನನಗೆ ಸರಿಸಮ ಹೋಗಲಾಗಲಿಲ್ಲ. ದಾರಿ ತಿರುಗುವಲ್ಲಿ ಥಟ್ಟನೆ ನಿಂತರು. ಮುಖ ತೊಯ್ದಿತ್ತು.

"ಅವಳನ್ನು ನಾನು ಸಾಯುವವರೆಗೆ ಕ್ಷಮಿಸುದಿಲ್ಲ" ಎಂದರು.

"ಆಯ್ತು ಅತ್ತೆ."

"ಹೆಸರು ಹಿಡಿದು ಕರೆದಿದ್ದಾರೆ. ಕೇಳಿಕೊಂಡು ನಿಂತಿದ್ದಾಳೆ."

"ಹೌದು ಅತ್ತೆ."

ಅವರು ಬುಟ್ಟಿಯನ್ನು ಸರಿಪಡಿಸಿಕೊಂಡು ಮತ್ತೆ ನಡೆದರು. ನಾಲ್ಕು ಹೆಜ್ಜೆ ಹೋದ ಮೇಲೆ ನನ್ನತ್ತ ತಿರುಗದೆಯೇ, "ನಾಳೆ ನೀನು ಬೇಗ ಏಳು" ಎಂದರು. "ಮುಳ್ಳು ಕಡಿಮೆ ಇರುವ ನಂಗು ಮೀನು ಸಿಗ್ತದೋ ನೋಡ್ಬೇಕು. ಮುಳ್ಳಿನ ಮೀನು ಕೊಟ್ರೆ ಅವಳಿಗೆ ಆ ಕೈಯಲ್ಲಿ ಮುಳ್ಳು ಬಿಡಿಸ್ಲಿಕ್ಕೆ ಆಗುದಿಲ್ಲ."